ಪಾತಾಳಗರಡಿ

ಅಪ್ಪ ಬೋರ್ಡು ಬರೆಯುವವ, ಬೆಟಗೇರಿಯಲ್ಲಿ.
ಎಡಗೈಯಲ್ಲಿ ಡಬ್ಬಿ, ಬಲಗೈಯಲ್ಲಿ ದೊಡ್ಡ ಬ್ರಷ್ಶು,
ಅಂಚು ಕಟ್ಟುವ ಸಣ್ಣದು ಬಾಯಲ್ಲಿ.
ಹಾಗಾಗಿ ಅಪ್ಪ ಆಡಿದ ಮಾತೆಲ್ಲ ಹಲ್ಲು ಕಚ್ಚಿಯೇ.
ಏಣಿ ಹಿಡಿಯುವುದು ನನ್ನ ಪಾಲಿಗೆ. ನನಗಾಗ ಒಂಬತ್ತು.

ತೋಟಪ್ಪನವರ ಕಿರಾಣಿ ಅಂಗಡಿಗೆ
ಕೆಂಪು ತಗಡಿನ ಮೇಲೆ ಬಿಳಿ ಅಕ್ಷರ:
ಇಂದು ರೊಕ್ಕ ನಾಳೆ ಉದ್ರಿ.
ಊರಿಗೆ ಊರೇ ಬಾಯಿಪಾಠ ಮಾಡಿದ ಮಾತು,
ಆದರೂ ಅಂಗಡಿ ಅಂಗಡಿಗೂ ಬೇರೆ ಬರೆಯಬೇಕು,
ಬರೆಯದಿದ್ದರೆ ಯಾರೂ ನಂಬುವುದಿಲ್ಲ,
ಬರೆದರೂ ಅಷ್ಟೆ.

ಹೊಂಬಳ ಮಾಸ್ತರು ಸೈಕಲ್ಲಿನಿಂದ
ಒಂದೇ ಕಾಲು ಇಳಿಸಿ ನಿಂತರು.
"ಹಜರೇಸಾಬ, ಆ ಶಬ್ದ ಎಲ್ಲಿಂದ ಬಂತು, ಗೊತ್ತದ ಏನು?"
"ಸಾಹುಕಾರ್ರ ಬಾಯಿಂದ ಬಂತ್ರಿ."
"ಅಲ್ಲೋ, ಉದ್ಧಾರ!
ಮರಾಠಿಯವರ ಬಾಯಾಗ ಉಧಾರ ಆತು,
ನಮ್ಮ ಪ್ಯಾಟಿಗೆ ಬರೂದ್ರಾಗ ಸವದು ಸವದು ಉದ್ರಿ.
ಉತ್ ಅಂದ್ರ ಮ್ಯಾಲೆ. ಹೃ ಅಂದ್ರ ಒಯ್ಯೂದು.
ಬಾವ್ಯಾಗ ಬಿದ್ದದ್ದನ್ನ ಮ್ಯಾಲೆ ತರೂದು,
ಅದು ಉದ್ಧಾರ. ನೀ ಬರೀಲಿಕ್ಕತ್ತದ್ದು ಅದನ್ನ."

ತಕ್ಕಡಿಯ ಹಿಂದಿನಿಂದ ತೋಟಪ್ಪ:
"ಯಾರ ಉದ್ಧಾರರೀ ಮಾಸ್ತರ?
ಬಿದ್ದಾವ ಹತ್ತಿ ಮನಿಗೆ ಹೋಗತಾನ,
ಹಗ್ಗ ಹಿಡದಾವ ಬಾವ್ಯಾಗ."
ಇದಕ್ಕೆ ಮಾಸ್ತರರ ಬಳಿ ಧಾತು ಇರಲಿಲ್ಲ.
ಪೆಡಲು ತುಳಿದರು. ಅವರ ಹೆಸರೂ ಇತ್ತು ಆ ಪುಸ್ತಕದಲ್ಲಿ:
ಚಾಪುಡಿ, ಅರ್ಧ ಕಿಲೋ.

ನಾನು ಏಣಿಯ ಬುಡದಿಂದ ನೋಡಿದೆ.
ದಕಾರದ ಕೆಳಗೆ ಅಪ್ಪ ಇಳಿಬಿಟ್ಟ ರ-ವತ್ತು
ಥೇಟ್ ಪಾತಾಳಗರಡಿಯ ಕೊಕ್ಕೆ.
ಹೋದ ಬೇಸಗೆ ಅಂಬಕ್ಕನ ತಾಮ್ರದ ಕೊಡ
ನಮ್ಮ ಓಣಿಯ ಬಾವಿಗೆ ಬಿದ್ದು,
ಮಧ್ಯಾಹ್ನವಿಡೀ ಅಪ್ಪ ಗರಡಿ ಆಡಿಸಿದ್ದ.
ಕೊಡ ಸಿಗಲಿಲ್ಲ.
ಯಾರದೋ ಚರಿಗೆ ಬಂತು, ಯಾರದೋ ಬೀಗದ ಕೈ,
ತೀರಿಹೋದ ಮುದುಕಿಯ ಅಡಕೊತ್ತು,
ಕೆಸರು ಒರೆಸಿ ಒರೆಸಿ ಮನೆಮನೆಗೆ ಮುಟ್ಟಿಸಿದೆವು.
ಕೊಡ ಮಾತ್ರ ಈಗಲೂ ಅಲ್ಲೇ ಇದೆ.

ಬಣ್ಣ ಆರಿರಲಿಲ್ಲ, ಅದೇ ಅಂಬಕ್ಕ ಬಂದಳು.
"ಹಾಸು ತೀರ್‍ಯಾವ್ರಿ, ಮಗ್ಗ ನಿಂತೈತಿ, ಪಾವು ಕಿಲೋ ಸಕ್ರಿ."
ತೋಟಪ್ಪ ಬೆರಳೆತ್ತಿ ತಗಡು ತೋರಿಸಿದರು.
"ನನಗೇನ್ ಓದಾಕ ಬರತೈತೇನ್ರಿ," ಅಂದಳು.
ಮುಲ್ಕಿ ಪಾಸಾದವಳು!
ತೋಟಪ್ಪ ಏನೂ ಅನ್ನಲಿಲ್ಲ. ಪೊಟ್ಟಣ ಕಟ್ಟಿ,
ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದರು.

ಸಂಜೆ ಅಪ್ಪ ಕೈ ಒರೆಸಿಕೊಳ್ಳುತ್ತ ನಿಂತ,
ಮಜೂರಿ ಮೂವತ್ತೈದು.
"ಹಜರೇಸಾಬ, ಇವತ್ತು ಗಲ್ಲಾ ಖಾಲಿ ಐತಿ. ನಾಳಿ ಬಾ."
ಅಪ್ಪ ತಿರುಗಿ ಬೋರ್ಡು ನೋಡಿದ,
ತಾನೇ ಬರೆದದ್ದನ್ನು ಒಂದೊಂದೇ ಅಕ್ಷರ ಓದಿದ.
ನಕ್ಕ ನಗೆಗೆ ಬಾಯೊಳಗಿನ ಬ್ರಷ್ಶು ಕೆಳಗೆ ಬಿತ್ತು.
ಆ ಬಿಳಿ ಬಣ್ಣದ ಡಬ್ಬಿಯೂ
ಸ್ಟೇಷನ್ ರೋಡಿನ ಅಂಗಡಿಯಿಂದ ಉದ್ರಿ ತಂದದ್ದು.

ಅಪ್ಪನ ನೋಟುಬುಕ್ಕು ಈಗ ನನ್ನ ಹತ್ತಿರ.
ತೋಟಪ್ಪ, ಬೋರ್ಡು, ೩೫. ಗೆರೆ ಎಳೆದಿಲ್ಲ.
ಹೋದ ಸೋಮವಾರ ಆ ಕಡೆ ಹೋದೆ,
ವಸೂಲಿಗಲ್ಲ, ಸಾಸಿವೆಗೆ.
ಗಲ್ಲೆಯ ಮೇಲೆ ಮೊಮ್ಮಗ. ಅದೇ ತಗಡು.
"ನಾಳೆ" ಇದ್ದಲ್ಲಿ ಫೋನ್ ಪೇ ಚೀಟಿ ಅಂಟಿಸಿದ್ದಾರೆ:
ಇಂದು ರೊಕ್ಕ, ಆಮೇಲೆ ಕಪ್ಪು ಬಿಳಿ ಚುಕ್ಕಿ, ಆಮೇಲೆ ಉದ್ರಿ.

ಫೋನು ಹಿಡಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.
"ನೆಟ್‌ವರ್ಕ್ ಇಲ್ರಿ ಅಕ್ಕಾರ. ಇರ್ಲಿ, ಆಮ್ಯಾಲೆ ಕೊಡ್ರಿ."
ಹುಡುಗ ಒಂದು ಪುಸ್ತಕ ತೆಗೆದ. "ಏನಂತ ಬರೀಲಿ?"
ಪೇಂಟರ್ ಹಜರೇಸಾಬನ ಮಗಳು ಅಂತ ಬರಿಯಪ್ಪ, ಅಂದೆ.

ಕೆಂಪು ಮಾಸಿದೆ. ರೊಕ್ಕದ ಕಕಾರ ಅಳಿಸಿಹೋಗಿದೆ.
ಕೊಕ್ಕೆ ಮಾತ್ರ ಬೆಳ್ಳಗೆ ಉಳಿದಿದೆ,
ಅದಕ್ಕೆ ಅಪ್ಪ ಎರಡು ಕೈ ಬಣ್ಣ ಹೊಡೆದಿದ್ದ.